ಲೂಸಿಲ್ ಬಾಲ್ ಸುಮ್ನೆ ಮುಖ ಕಿವುಚಿ ನಗಿಸಿದವಳಲ್ಲ

ಈಗಷ್ಟೇ ಒಂದು ರೀಲ್ ನೋಡಿದೆ, ತಲೆ ಕೆಟ್ಟುಹೋಗಿದೆ. ಹಳೇ ಕಪ್ಪು-ಬಿಳುಪು ದೃಶ್ಯ. ಚಾಕೊಲೇಟ್ ಕಾರ್ಖಾನೆಯಲ್ಲಿ ಇಬ್ಬರು ಹೆಂಗಸರು ಬೆಲ್ಟಿನ ಮೇಲೆ ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತುತ್ತಿದ್ದಾರೆ. ಬೆಲ್ಟಿನ ವೇಗ ಏರುತ್ತದೆ. ಕೈ ಸಾಲದೆ ಬಾಯಿಗೆ, ಟೋಪಿಗೆ, ಅಂಗಿಯೊಳಗೆ ತುರುಕಿಕೊಳ್ಳುತ್ತಾರೆ. ಇದನ್ನು ಹಾಕಿದವರು "ಪೆದ್ದಿ ಹೆಂಗಸಿನ ಕಾಮಿಡಿ" ಅಂತ ಬರೆದಿದ್ದಾರೆ. ಹೆಸರಿಲ್ಲ, ವರ್ಷವಿಲ್ಲ. ಕೆಳಗೊಬ್ಬರು, "ಇದರಲ್ಲಿ ನಟನೆ ಏನಿದೆ, ಮುಖ ಕಿವುಚಿದ್ರೆ ಆಯ್ತಲ್ವಾ" ಅಂತ ಕೇಳಿದ್ದಾರೆ.

ನನ್ನ ನಾಟಕದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಇಂಥ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಆ ಇಬ್ಬರಲ್ಲಿ 'ಪೆದ್ದಿ' ಅನ್ನಿಸಿಕೊಂಡವಳು ಅಮೆರಿಕದ ನಟಿ ಲೂಸಿಲ್ ಬಾಲ್. ಆ ಕಂತು 1952ರದ್ದು, ಟಿವಿ ಧಾರಾವಾಹಿ 'ಐ ಲವ್ ಲೂಸಿ'. ಅದರಲ್ಲಿ ಆಕೆಯ ಪಾತ್ರದ ಹೆಸರೂ ಲೂಸಿ. ಅದು ಶುರುವಾದಾಗ, ಅಂದರೆ 1951ರ ಅಕ್ಟೋಬರಿನಲ್ಲಿ, ಆಕೆಗೆ 40 ವರ್ಷ. ಈ 40ನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹದಿಹರೆಯದಲ್ಲಿ ನ್ಯೂಯಾರ್ಕಿನ ನಾಟಕ ಶಾಲೆಗೆ ಸೇರಿದ್ದಳು. ಸಂಕೋಚ ಜಾಸ್ತಿ, ಇವಳಿಂದ ಆಗುವುದಿಲ್ಲ ಅಂತ ವಾಪಸ್ ಕಳಿಸಿದರು. ಮಾಡೆಲ್ ಆಗಿ ಹೊಟ್ಟೆ ಹೊರೆದಳು. 1933ರಲ್ಲಿ ಹಾಲಿವುಡ್ಡಿಗೆ ಬಂದಾಗ ಸಿಕ್ಕಿದ್ದು ಗುಂಪಿನಲ್ಲಿ ಕುಣಿಯುವ ಕೆಲಸ. ಆಮೇಲೆ ಆರ್‌ಕೆಒ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಚಿಲ್ಲರೆ ಪಾತ್ರಗಳು. ಆಕೆಯನ್ನು 'ಬಿ' ಚಿತ್ರಗಳ ರಾಣಿ ಅಂತ ಕರೆದರು. ಕಡಿಮೆ ಖರ್ಚಿನ, ಎರಡನೇ ದರ್ಜೆಯ ಸಿನಿಮಾಗಳಿಗೆ ಆಕೆಯೇ ರಾಣಿ. 1942ರ 'ದಿ ಬಿಗ್ ಸ್ಟ್ರೀಟ್'ನಲ್ಲಿ ಹೆನ್ರಿ ಫೊಂಡಾ ಎದುರು, ಗಾಲಿಕುರ್ಚಿ ಹಿಡಿದ ಅಹಂಕಾರಿ ಗಾಯಕಿಯ ಪಾತ್ರ ಮಾಡಿದಳು. ಅದರಲ್ಲಿ ನಗುವಿನ ಸುಳಿವೇ ಇಲ್ಲ. ಅಂಥ ಪಾತ್ರ ಮಾಡಿದವಳಿಗೆ ನಟನೆ ಬರುವುದಿಲ್ಲ ಅನ್ನುವುದಾ?

ಇಷ್ಟು ವರ್ಷ ಸವೆಸಿದ ಮೇಲೆ ಟಿವಿ ಬಂತು. ರೇಡಿಯೋದಲ್ಲಿ ಆಕೆಯ ಕಾರ್ಯಕ್ರಮ ಚೆನ್ನಾಗಿ ಓಡುತ್ತಿತ್ತು. ಸಿಬಿಎಸ್ ಅನ್ನುವ ಪ್ರಸಾರ ಸಂಸ್ಥೆಯವರು ಅದನ್ನೇ ಟಿವಿಗೆ ತರೋಣ ಅಂದರು. ನನ್ನ ಗಂಡನೇ ಗಂಡನ ಪಾತ್ರ ಮಾಡಬೇಕು ಅಂತ ಲೂಸಿ ಪಟ್ಟು ಹಿಡಿದಳು. ಗಂಡ ಡೆಸಿ ಅರ್ನಾಜ್ ಕ್ಯೂಬಾದವನು. ಅಮೆರಿಕದ ಹೆಣ್ಣಿಗೆ ಇಂಥ ಗಂಡನನ್ನು ಜನ ಒಪ್ಪುವುದಿಲ್ಲ ಅಂತ ಅವರಿಗೆ ಹೆದರಿಕೆ. ಗಂಡ-ಹೆಂಡತಿ ವಾದಕ್ಕೆ ಕೂರಲಿಲ್ಲ. 1950ರಲ್ಲಿ ಊರೂರು ಸುತ್ತಿ ವೇದಿಕೆ ಮೇಲೆ ಒಟ್ಟಿಗೆ ಆಡಿ ತೋರಿಸಿದರು. ಜನ ನಕ್ಕರು, ಸಿಬಿಎಸ್ ಬಗ್ಗಿತು.

ಆಮೇಲೆ ಮಾಡಿದ ಕೆಲಸ ನೋಡಿ. ಮೂರು ಕ್ಯಾಮೆರಾ, 35 ಎಂಎಂ ಫಿಲ್ಮ್, ಎದುರಿಗೆ ಸುಮಾರು 300 ಜನ ಪ್ರೇಕ್ಷಕರು. ವಾರವಿಡೀ ತಾಲೀಮು, ಕೊನೆಗೆ ಒಂದೇ ಸಂಜೆ ನಾಟಕದ ಹಾಗೆ ಆಡಿ ಮುಗಿಸಬೇಕು. ಬೆಳಕಿನ ಹೊಣೆ ಹೊತ್ತವರು 'ಮೆಟ್ರೊಪೊಲಿಸ್' ಅನ್ನುವ ಹೆಸರಾಂತ ಜರ್ಮನ್ ಮೂಕಿಚಿತ್ರವನ್ನು ಚಿತ್ರೀಕರಿಸಿದ ಕಾರ್ಲ್ ಫ್ರಾಯಿಂಡ್. ಅಂಥವರು ಕೂತು ಬೆಳಕು ಹೊಂದಿಸಿದ್ದು "ಮುಖ ಕಿವುಚಿದ್ರೆ ಆಯ್ತಲ್ವಾ" ಅನ್ನುವ ಕೆಲಸಕ್ಕಾ?

ಟಾನಿಕ್ ಜಾಹೀರಾತಿನ ಕಂತು ನೋಡಿ, ಅದೂ 1952ರದ್ದೇ. ಲೂಸಿ ಟಿವಿ ಜಾಹೀರಾತಿಗೆ ತಾಲೀಮು ಮಾಡುತ್ತಿರುತ್ತಾಳೆ. ಟಾನಿಕ್ಕಿನಲ್ಲಿ ಶೇ. 23ರಷ್ಟು ಮದ್ಯ ಇರುವುದು ಅವಳಿಗೆ ಗೊತ್ತಿಲ್ಲ. ಪ್ರತಿ ಸಲವೂ ಅದೇ ಮಾತು ಹೇಳಬೇಕು, ಒಂದು ಚಮಚ ಕುಡಿಯಬೇಕು. ಮೊದಲ ಚಮಚಕ್ಕೆ ನಗುತ್ತಿದ್ದ ಮುಖ ಒಳಗಿನಿಂದಲೇ ಹಿಂಡಿದಂತಾಗುತ್ತದೆ. ಬರಬರುತ್ತಾ ರುಚಿ ಹತ್ತುತ್ತದೆ. ನಾಲಿಗೆ ತೊಡರುತ್ತದೆ, ಚಮಚ ಗುರಿ ತಪ್ಪುತ್ತದೆ, ಕೊನೆಗೆ ಬಾಟಲಿಯನ್ನೇ ಎತ್ತುತ್ತಾಳೆ. ಮಾತು ಹೆಚ್ಚುಕಡಿಮೆ ಅದೇ, ಆದರೆ ಪ್ರತಿ ಸಲವೂ ಅಮಲು ಒಂದು ಮೆಟ್ಟಿಲು ಮೇಲೆ. ಎರಡು ಮೆಟ್ಟಿಲು ಒಟ್ಟಿಗೆ ಹಾರಿದರೆ ದೃಶ್ಯ ಸತ್ತಂತೆ. ವೇದಿಕೆ ಮೇಲೆ ಕುಡುಕನ ಪಾತ್ರ ಮಾಡಿದವರನ್ನು ಕೇಳಿ ನೋಡಿ. ನಾನು ಮಾಡಿದ್ದೇನೆ. ಅಳಿಸುವುದು ಸುಲಭ ಸ್ವಾಮಿ. ನಗಿಸುವಾಗ ಅರೆಕ್ಷಣ ಹೆಚ್ಚುಕಡಿಮೆಯಾದರೂ ಎದುರಿಗೆ ಕೂತವರು ಕೆಮ್ಮುತ್ತಾರೆ. ಆ ಕೆಮ್ಮು ಕೇಳಿ ಮನೆಗೆ ಬಂದು ನಿದ್ದೆಯಿಲ್ಲದೆ ಒದ್ದಾಡಿದ ರಾತ್ರಿಗಳು ನನಗಿವೆ. ಅದಕ್ಕೇ ಇಷ್ಟು ಸಿಟ್ಟು.

"ಆದರೂ ಆ ಪಾತ್ರ ಪೆದ್ದಿಯದೇ ಅಲ್ವಾ, ಗಂಡನಿಗೆ ಹೆದರಿ ದುಡ್ಡಿಗೆ ಕೈಚಾಚುವವಳು" ಅಂತ ಕೆಲವರು ಹೇಳುತ್ತಾರೆ. ಹೌದು, ಗಂಡ ಗದರುವ ಕೆಲವು ದೃಶ್ಯಗಳನ್ನು ಈಗ ನೋಡಲು ನನಗೂ ಕಷ್ಟ. ಆದರೆ ಪೂರ್ತಿ ನೋಡಿದವರು ಹೀಗೆ ಹೇಳಲಾರರು. ಆ ಲೂಸಿ ಕಂತು ಕಂತಿಗೂ ಅಡುಗೆಮನೆ ಬಿಟ್ಟು ವೇದಿಕೆ ಹತ್ತಲು ಹವಣಿಸುತ್ತಾಳೆ. ಸೋಲುತ್ತಾಳೆ, ಮುಂದಿನ ವಾರ ಮತ್ತೆ ಹೊರಡುತ್ತಾಳೆ. ಅದು ಪೆದ್ದುತನ ಅಲ್ಲ, ಹಟ. ಇನ್ನು ಬಸುರಿಯನ್ನು ಟಿವಿಯಲ್ಲಿ ತೋರಿಸಲು ಎಲ್ಲರೂ ಹಿಂಜರಿಯುತ್ತಿದ್ದ ಕಾಲದಲ್ಲಿ ಬಸುರಿಯಾಗಿಯೇ ನಟಿಸಿದಳು. ಪಾದ್ರಿಗಳಿಗೆ, ರಬ್ಬಿಗಳಿಗೆ (ಯಹೂದಿ ಧರ್ಮಗುರುಗಳಿಗೆ) ಸ್ಕ್ರಿಪ್ಟ್ ತೋರಿಸಿ ಒಪ್ಪಿಸಿದರು. 1953ರ ಜನವರಿ 19ರಂದು ಕಥೆಯಲ್ಲೂ ಮಗು ಹುಟ್ಟಿತು, ಆಸ್ಪತ್ರೆಯಲ್ಲೂ ಹುಟ್ಟಿತು. ಸುಮಾರು 4.4 ಕೋಟಿ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡಿದ್ದನ್ನು ಅಷ್ಟು ಜನ ನೋಡಲಿಲ್ಲ.

"ವ್ಯವಹಾರವೆಲ್ಲ ಗಂಡಂದು" ಅನ್ನುವವರೂ ಇದ್ದಾರೆ. ಡೆಸಿ ನಿಜಕ್ಕೂ ಜಾಣ, ಅವನ ಪಾಲು ಅವನಿಗೆ ಸಲ್ಲಲಿ. ಅವರಿಬ್ಬರ ಕಂಪನಿ ಡೆಸಿಲೂ, ಒಂದು ಕಾಲಕ್ಕೆ ಲೂಸಿಗೆ ಚಿಲ್ಲರೆ ಪಾತ್ರ ಕೊಟ್ಟ ಅದೇ ಆರ್‌ಕೆಒ ಸ್ಟುಡಿಯೋವನ್ನೇ 1957ರಲ್ಲಿ ಕೊಂಡುಕೊಂಡಿತು. ಆದರೆ 1960ರಲ್ಲಿ ಇಬ್ಬರಿಗೂ ವಿಚ್ಛೇದನ ಆಯಿತು. 1962ರಲ್ಲಿ ಅವನ ಪಾಲನ್ನೂ ಕೊಂಡು ಲೂಸಿಯೇ ಕಂಪನಿಯ ಅಧ್ಯಕ್ಷೆಯಾದಳು. 'ಸ್ಟಾರ್ ಟ್ರೆಕ್', 'ಮಿಷನ್: ಇಂಪಾಸಿಬಲ್' ಟಿವಿ ಧಾರಾವಾಹಿಗಳು ಹೊರಬಂದಿದ್ದು ಆಕೆಯ ಆಡಳಿತದಲ್ಲೇ. ಜೊತೆಗೆ 'ದಿ ಲೂಸಿ ಶೋ'ದಲ್ಲಿ ನಟನೆಯೂ ನಡೆದಿತ್ತು, ಅದಕ್ಕೆ ಟಿವಿ ಕ್ಷೇತ್ರದ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿಗಳೂ ಬಂದವು.

1986ರಲ್ಲಿ, 75ನೇ ವಯಸ್ಸಿನಲ್ಲಿ, ಇನ್ನೊಂದು ಧಾರಾವಾಹಿಗೆ ಇಳಿದಳು. ಅದು ಓಡಲಿಲ್ಲ, ಅರ್ಧಕ್ಕೇ ನಿಲ್ಲಿಸಿದರು. ಅದನ್ನೇ ಹಿಡಿದು ಆಡಿಕೊಳ್ಳುವವರಿದ್ದಾರೆ. ಆ ವಯಸ್ಸಿನಲ್ಲೂ ಎದ್ದುಬಿದ್ದು ನಗಿಸಲು ನಿಂತವಳ ಬಗ್ಗೆ ನನಗೆ ಗೌರವ ಬಿಟ್ಟರೆ ಬೇರೇನೂ ಹುಟ್ಟುವುದಿಲ್ಲ. ತಮಾಷೆಯೆಲ್ಲ ಬರಹಗಾರರದು ಅಂತ ಕೊನೆತನಕ ಹೇಳುತ್ತಿದ್ದವಳು ಆಕೆ.

ಪುಣ್ಯ ಬರುತ್ತೆ, ಆ ಟಾನಿಕ್ ಕಂತನ್ನು ಪೂರ್ತಿ ನೋಡಿ. ಅರ್ಧ ಗಂಟೆಯೂ ಆಗುವುದಿಲ್ಲ. ಮೊದಲ ಸಲ ನಗಲಿಕ್ಕೆ ನೋಡಿ, ಎರಡನೇ ಸಲ ಕಣ್ಣು, ಕೈ ಎರಡನ್ನೇ ಗಮನಿಸಿ. ನಂತರ ಕಾಮೆಂಟಿಗೆ ಬನ್ನಿ, ಮಾತಾಡೋಣ.