ಆ ಗೆರೆಯ ಮೇಲೆ 5 ಯಾಕೆ ಹಾಕಿದಿರಿ ಮಾರಾಯ್ರೆ?

ನಮ್ಮ ಕಾಸರಗೋಡಿನ ಸುಡೊಕು ಗುಂಪಿಗೆ ಈಗಷ್ಟೇ ಒಂದು ಫೋಟೊ ಬಂತು. ವೇರಿಯಂಟ್ ಸುಡೊಕುಗಳ, ಅಂದರೆ ಮಾಮೂಲಿ ನಿಯಮದ ಮೇಲೆ ಇನ್ನಷ್ಟು ನಿಯಮ ಸೇರಿಸಿದವುಗಳ, ಒಂದು ಕಠಿಣ ಸಂಗ್ರಹದ ಪುಟ. ಅದರಲ್ಲಿ ಹಸಿರು ಗೆರೆಯ ಜರ್ಮನ್ ವಿಸ್ಪರ್ಸ್ ಎಂಬ ಬಗೆ. ಅಡಕೆಯ ಕೊಳೆರೋಗಕ್ಕೆ ಮದ್ದು ಬಿಟ್ಟ ಹಾಗೆ 81 ಮನೆಗೂ ಪೆನ್ಸಿಲಿನ ಸಣ್ಣ ಅಂಕಿಗಳು. ಗೆರೆಯ ಮೇಲೆ ಎರಡು ಕಡೆ ದಪ್ಪಕ್ಕೆ 5. ಅಡಿಯಲ್ಲಿ ಷರಾ: "ಪುಸ್ತಕವೇ ತಪ್ಪುಂಟು, ಉತ್ತರ ಬರುವುದಿಲ್ಲ."

ಪುಸ್ತಕ ಸರಿಯಾಗಿಯೇ ಉಂಟು. ನಿಯಮ ಓದಲಿಲ್ಲ, ಅಷ್ಟೆ. ಗೆರೆಯ ಮೇಲೆ ಅಕ್ಕಪಕ್ಕದ ಅಂಕಿಗಳ ನಡುವೆ ಕನಿಷ್ಠ 5ರ ಅಂತರ ಇರಬೇಕು ಅಂತ ಮೇಲೆಯೇ ಅಚ್ಚಾಗಿದೆ. 5ಕ್ಕೆ ಜೊತೆ ಸಿಗಬೇಕಾದರೆ 0 ಬೇಕು, ಇಲ್ಲ 10 ಬೇಕು. ಎಲ್ಲಿಂದ ತರುತ್ತೀರಿ? ಬಸ್ಸಿನ ಬೋರ್ಡು ಮಲಯಾಳದಲ್ಲಿ, ಪೇಪರು ಕನ್ನಡದಲ್ಲಿ, ಮನೆಯಲ್ಲಿ ತುಳು ಅಂತ ದಿನವೂ ನಿಭಾಯಿಸುವ ಜನ ನಾವು. ಮೂರು ಸಾಲಿನ ನಿಯಮ ಓದಲಿಕ್ಕೆ ಎಂತ ದಾಡಿ?

ಪೇಪರಿನ ಮಾಮೂಲಿ ಸುಡೊಕುವಿನಲ್ಲಿ ಎಲ್ಲ ಮನೆಗೂ ಅಂಕಿ ತುಂಬಿಸಿ ಒಂದೊಂದೇ ಹೊಡೆದುಹಾಕುವ ಕ್ರಮ ಹೇಗೋ ನಡೆಯುತ್ತದೆ, ಯಾಕೆಂದರೆ ಕೊಟ್ಟ ಅಂಕಿಗಳು ಸಾಕಷ್ಟಿರುತ್ತವೆ. ಅಲ್ಲಿ ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕಿ ಕೊಡಲೇಬೇಕು. 16ರಲ್ಲಿ ಆಗುವುದಿಲ್ಲ ಅಂತ ಗಣಿತಜ್ಞ ಗ್ಯಾರಿ ಮೆಕ್‌ಗ್ವಾಯರ್ ತಂಡ 2012ರಲ್ಲಿ ಕಂಪ್ಯೂಟರಿನಲ್ಲಿ ಸಾಧಿಸಿ ತೋರಿಸಿತು. ವೇರಿಯಂಟುಗಳಲ್ಲಿ ಎಷ್ಟೋ ಸಲ ಒಂದು ಅಂಕಿಯನ್ನೂ ಕೊಡುವುದಿಲ್ಲ. ಪ್ರತಿ ಮನೆಗೂ ಒಂಬತ್ತು ಸಾಧ್ಯತೆ, ಒಟ್ಟು 729 ಸಣ್ಣ ಅಂಕಿ. ಬರೆದು ಮುಗಿಸುವಾಗ ಕೈ ಸೋತಿರುತ್ತದೆ, ಗೊತ್ತಾದದ್ದು ಮಾತ್ರ ಸೊನ್ನೆ.

ನಿಯಮ ಓದಿದವರು ಏನು ಮಾಡುತ್ತಾರೆ ನೋಡಿ. 5 ಹೊರಗೆ ಹೋಯಿತು. ಉಳಿದದ್ದರಲ್ಲಿ 1ರಿಂದ 4 ಸಣ್ಣವು, 6ರಿಂದ 9 ದೊಡ್ಡವು. ಗೆರೆಯುದ್ದಕ್ಕೂ ಸಣ್ಣದು, ದೊಡ್ಡದು ಅಂತ ಸರದಿಯಲ್ಲೇ ಬರಬೇಕು. ಅಂಕಿ ಬರೆಯುವ ಮೊದಲು ಎರಡು ಬಣ್ಣ ಹಾಕಿಕೊಳ್ಳಿ. ಆಮೇಲೆ 4ನ್ನು ಹಿಡಿಯಿರಿ. ಅದಕ್ಕೆ ಪಕ್ಕದಲ್ಲಿ 9 ಬಿಟ್ಟು ಬೇರೆ ಗತಿಯಿಲ್ಲ. 6ಕ್ಕೆ 1 ಬಿಟ್ಟು ಇಲ್ಲ. ಈಗ ಒಂದು 3×3 ಚೌಕದಲ್ಲಿ ಗೆರೆ ಎಂಟು ಮನೆಗಳ ಮೇಲೆ ಸಾಗಿದೆ ಅಂತಿಟ್ಟುಕೊಳ್ಳಿ. ಒಂಬತ್ತನೆಯ ಮನೆಯಲ್ಲಿ 5, ಅದು ಬಿಟ್ಟಿ. ಒಂದೇ ಚೌಕವಾದ್ದರಿಂದ ಎರಡು 9 ಇರಲಾರವು, ಆದ್ದರಿಂದ 4 ಗೆರೆಯ ನಡುವೆ ಕೂರುವಂತಿಲ್ಲ, ತುದಿಗೇ ಹೋಗಬೇಕು. 6ರ ಕಥೆಯೂ ಅದೇ, ಅದು ಇನ್ನೊಂದು ತುದಿಗೆ. 4ರ ಪಕ್ಕ 9, 6ರ ಪಕ್ಕ 1. ನಡುವೆ ಉಳಿದದ್ದು 2, 3, 7, 8. 3ರ ಪಕ್ಕಕ್ಕೆ 7 ಬರುವುದಿಲ್ಲ, ಹಾಗಾಗಿ ಅದು 9 ಮತ್ತು 8ರ ನಡುವೆಯೇ ಕೂರಬೇಕು. ಕೊನೆಗೆ ಸಿಗುವುದು 4-9-3-8-2-7-1-6, ಇಲ್ಲವೇ ಇದರ ತಿರುಗುಮುರುಗು. ಮೂರನೆಯ ದಾರಿಯೇ ಇಲ್ಲ! ಒಂದೇ ಒಂದು ಅಂಕಿ ಕೊಡದೆ ಇಡೀ ಚೌಕ ಬಿಡಿಸಿದಂತಾಯಿತು. ಇದನ್ನು ಬಿಟ್ಟು 81 ಮನೆಗೆ ಮದ್ದು ಬಿಡಲು ಹೊರಟರೆ ಯಾರಿಗಾದರೂ ಸಿಟ್ಟು ಬಾರದಿರುತ್ತದಾ?

ಕಿಲ್ಲರ್ ಎಂಬ ಬಗೆಯಲ್ಲೂ ಇದೇ ಅವಸ್ಥೆ. ಅಲ್ಲಿ ಚುಕ್ಕಿಗೆರೆ ಸುತ್ತುವರಿದ ಮನೆಗಳ ಗುಂಪಿಗೆ ಕೇಜು ಅನ್ನುವುದು, ಅದರ ಮೊತ್ತ ಮೂಲೆಯಲ್ಲಿ ಇರುತ್ತದೆ. ಪ್ರತಿ ಸಾಲು, ಪ್ರತಿ ಚೌಕದ ಮೊತ್ತ 45 ಅಂತ ಎಲ್ಲರೂ ಕಂಠಪಾಠ ಹೇಳುತ್ತಾರೆ, ಬಳಸುವವರಿಲ್ಲ. ಒಂದು ಚೌಕಕ್ಕೆ ತಾಗಿದ ಕೇಜುಗಳನ್ನೆಲ್ಲ ಕೂಡಿಸಿದಾಗ 52 ಬಂತು, ಒಂದು ಮನೆ ಮಾತ್ರ ಹೊರಗೆ ಚಾಚಿದೆ ಅಂತಾದರೆ ಆ ಮನೆಯಲ್ಲಿ 7. ಮುಗಿಯಿತು. ಒಂದು ಸಾಲಿನಲ್ಲಿ ಆಗದಿದ್ದರೆ ಎರಡು ಸಾಲು ಸೇರಿಸಿ 90, ಮೂರಕ್ಕೆ 135. ಒಂದೇ ಜೋಡಣೆ ಇರುವ ಕೇಜುಗಳನ್ನು ಮೊದಲು ಹುಡುಕಿ: ಎರಡು ಮನೆಗೆ 3, 4, 16, 17, ಮೂರು ಮನೆಗೆ 6, 7, 23, 24, ನಾಲ್ಕಕ್ಕೆ 10, 11, 29, 30. ಎರಡು ಮನೆಯ 10ರ ಕೇಜಿನಿಂದ ಶುರು ಮಾಡಿ "ಎಂತದೂ ಸಿಗುವುದಿಲ್ಲ" ಅಂದರೆ ಸಿಗುವುದಾದರೂ ಹೇಗೆ, ಅಲ್ಲಿ ನಾಲ್ಕು ಜೋಡಿ ಉಂಟು.

ಸ್ಯಾಂಡ್‌ವಿಚ್‌ನಲ್ಲಿ 1 ಮತ್ತು 9ರ ನಡುವಿನ ಮೊತ್ತವನ್ನು ಅಂಚಿನಲ್ಲಿ ಕೊಟ್ಟಿರುತ್ತಾರೆ. 35 ಅಂದರೆ 1, 9 ಎರಡೂ ತುದಿಗೆ. 0 ಅಂದರೆ ಅವು ಅಕ್ಕಪಕ್ಕ. 2, 3, 4 ಅಂದರೆ ನಡುವೆ ಒಂದೇ ಮನೆ. ಅಲ್ಲಿ ಬೇರೆ ಏಳು ಅಂಕಿಗಳನ್ನು ಮೊದಲಿಗೆ ಮುಟ್ಟಲೇಬೇಡಿ. ಬಾಣದ ಮೇಲಿನ ಅಂಕಿಗಳ ಮೊತ್ತ ಅದರ ಬುಡದ ವೃತ್ತದಲ್ಲಿ ಬರಬೇಕಾದ ಬಾಣದ ಸುಡೊಕುವಾದರೆ ಇನ್ನೊಂದು ಎಡವಟ್ಟು: ಬಾಣದ ಮೇಲೆ ಅಂಕಿ ಮರುಕಳಿಸಬಾರದು ಅಂತ ತಾವೇ ಒಂದು ಕಾನೂನು ಮಾಡಿಕೊಳ್ಳುವುದು. ಸಾಲು, ಚೌಕ ಬೇರೆಯಾದರೆ ಧಾರಾಳವಾಗಿ ಮರುಕಳಿಸಬಹುದು. ಕಿಲ್ಲರ್ ಕೇಜಿನಲ್ಲಿ ಸಾಮಾನ್ಯವಾಗಿ ಆಗದು. ಅಲ್ಲೂ ಆಯಾ ಪುಟದ ನಿಯಮವೇ ಕೊನೆಯ ಮಾತು. (ಥರ್ಮೋ ಎಂಬ ಇನ್ನೊಂದು ಬಗೆಯ ಬಗ್ಗೆ ನಾನು ಬರೆಯುವುದಿಲ್ಲ. ನನಗದು ಸಪ್ಪೆ. ಬೈಯುವವರು ಬೈಯಿರಿ.)

"ಸಿಕ್ಕಿಬಿದ್ದಾಗ ಒಂದು ಅಂಕಿ ಹಾಕಿ ನೋಡಿ, ತಪ್ಪಾದರೆ ಅಳಿಸುವುದು, ಅದೂ ತರ್ಕವೇ ಅಲ್ವಾ?" ಅಂತ ಕೇಳುವವರು ಇದ್ದಾರೆ. ತರ್ಕವೇ, ಒಪ್ಪಿದೆ. ವಿಶ್ವ ಸುಡೊಕು ಚಾಂಪಿಯನ್‌ಶಿಪ್ 2017ರಲ್ಲಿ ಬೆಂಗಳೂರಿಗೇ ಬಂದಿತ್ತು. ಅಂಥ ಕಡೆ ಗಡಿಯಾರ ಓಡುವಾಗ ಊಹಿಸಿದರೆ ಯಾರೂ ತಪ್ಪು ಹೇಳುವುದಿಲ್ಲ. ನಿಮ್ಮ ಜಗಲಿಯಲ್ಲಿ ಯಾವ ಗಡಿಯಾರ ಓಡುತ್ತದೆ? 2020ರಲ್ಲಿ ಯೂಟ್ಯೂಬಿನಲ್ಲಿ ಸುಡೊಕು ಬಿಡಿಸಿ ತೋರಿಸುವ ಸೈಮನ್ ಆಂಥನಿ ಬಿಡಿಸಿದ, ಮಿಚೆಲ್ ಲೀ ರಚಿಸಿದ 'ಮಿರಾಕಲ್ ಸುಡೊಕು' ನೋಡಿ. ಕೊಟ್ಟದ್ದು ಎರಡೇ ಅಂಕಿ, ಒಂದು 1, ಒಂದು 2. ಚೆಸ್ಸಿನ ಕುದುರೆ ನಡೆಯ ದೂರದಲ್ಲಿ, ರಾಜನ ನಡೆಯ ದೂರದಲ್ಲಿ ಒಂದೇ ಅಂಕಿ ಬರಬಾರದು. ಅಕ್ಕಪಕ್ಕ, ಮೇಲೆ ಕೆಳಗೆ ಅನುಕ್ರಮದ ಅಂಕಿ ಬರಬಾರದು. ಅದರಲ್ಲಿ ಊಹೆ ಮಾಡುವುದಾದರೆ ಯಾವ ಮನೆಯಿಂದ ಸುರುಮಾಡುತ್ತೀರಿ, ಹೇಳಿ ನೋಡುವ.

ಸಣ್ಣ ಅಂಕಿ ಬರೆಯಲೇಬಾರದು ಅಂತಲ್ಲ. ಒಂದು ಚೌಕದಲ್ಲಿ ಒಂದು ಅಂಕಿಗೆ ಎರಡೇ ಮನೆ ಉಳಿದಾಗ ಮಾತ್ರ ಆ ಎರಡರ ಮೂಲೆಯಲ್ಲಿ ಬರೆಯಿರಿ. 2007, 2008, 2011ರಲ್ಲಿ ವಿಶ್ವ ಚಾಂಪಿಯನ್ ಆದ ಥಾಮಸ್ ಸ್ನೈಡರ್ ಹೆಸರಿನಲ್ಲೇ ಈ ಕ್ರಮ ಓಡಾಡುತ್ತದೆ. ಒಂದು ಮನೆಗೆ ಎರಡೇ ಅಂಕಿ ಉಳಿದರೆ ಅವನ್ನು ಮನೆಯ ನಡುವೆ ಬರೆಯಿರಿ. ಮೂಲೆಯದ್ದನ್ನೂ ನಡುವಿನದ್ದನ್ನೂ ಕಲಸಿದರೆ ಅರ್ಧ ಗಂಟೆಯಲ್ಲಿ ಯಾವುದು ಯಾವುದಕ್ಕೆ ಅಂತ ನಿಮಗೇ ತಿಳಿಯದು.

ಇನ್ನೊಂದು. ಇಂಥ ಪುಟಗಳನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಬೇಡಿ. ಕೇಜಿನ ಚುಕ್ಕಿಗೆರೆ ಅಳಿಸಿಹೋಗುತ್ತದೆ, ಮೂಲೆಯ 16 ಹೋಗಿ 18 ಕಾಣುತ್ತದೆ, ವಿಸ್ಪರ್ಸ್‌ನ ಹಸಿರು ಗೆರೆ ಮತ್ತು ರೆನ್‌ಬನ್ ಎಂಬ ಇನ್ನೊಂದು ಬಗೆಯ ನೇರಳೆ ಗೆರೆ ಎರಡೂ ಒಂದೇ ಬೂದು. ಕಲರ್ ಪ್ರಿಂಟಿಗೆ ದುಡ್ಡು ಬಿಚ್ಚಲು ಮನಸ್ಸಿಲ್ಲದಿದ್ದರೆ ಮಕ್ಕಳ ಸ್ಕೆಚ್ ಪೆನ್ನು ತೆಗೆದು ಗೆರೆಗಳನ್ನು ಮೊದಲೇ ತಿದ್ದಿಕೊಳ್ಳಿ.