ಡಾಕ್ಟ್ರು ಉಂಟು, ಕಣ್ಣೂರಿನಲ್ಲಿ

ಕೇರಳದಲ್ಲಿ ಸರಕಾರಿ ನೌಕರರು ತಪ್ಪು ಮಾಡಿದರೆ ಕಾಸರಗೋಡಿಗೆ ಎತ್ತಿ ಹಾಕುತ್ತಾರೆ ಅನ್ನುವುದು ಹಳೆಯ ಮಾತು. ನಮಗೇನೂ ಬೇಸರವಿಲ್ಲ. ಹಾಗಾದರೂ ನಾಲ್ಕು ಡಾಕ್ಟರುಗಳು ಬರಲಿ. ತಿರುವನಂತಪುರದವರು ಇನ್ನೂ ಸ್ವಲ್ಪ ಜಾಸ್ತಿ ತಪ್ಪು ಮಾಡಲಿ ಅಂತ ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಳ್ಳಲೂ ನಾವು ತಯಾರು.

ಬರುತ್ತಾರೆ ಕೂಡ. ಬೆಳಿಗ್ಗೆ ಸಹಿ ಹಾಕುತ್ತಾರೆ, ಮಧ್ಯಾಹ್ನ ರಜೆ ಅರ್ಜಿ ಕೊಡುತ್ತಾರೆ. ಇನ್ನು ಕೆಲವರದು ವರ್ಕಿಂಗ್ ಅರೇಂಜ್‌ಮೆಂಟ್. ಹುದ್ದೆ ಇಲ್ಲಿ, ಸ್ಟೆತಸ್ಕೋಪು ಬೇರೆ ಜಿಲ್ಲೆಯಲ್ಲಿ. ಒಪಿ ಚೀಟಿಯ ಕಿಟಕಿಯಲ್ಲಿ ಕೇಳಿ ನೋಡಿ.

"ಅಕ್ಕಾ, ಚರ್ಮದ ಡಾಕ್ಟ್ರು ಉಂಟಾ?"

"ಉಂಟು. ಕಣ್ಣೂರಿನಲ್ಲಿ."

ಕಡತದಲ್ಲಿ ಹುದ್ದೆ ಭರ್ತಿ. ಹಾಗಾಗಿ ಬೇರೆಯವರನ್ನು ಹಾಕುವ ಹಾಗೂ ಇಲ್ಲ. ತುರಿಕೆ ಮಾತ್ರ ಇಲ್ಲೇ ಉಂಟು, ಅದಕ್ಕೆ ವರ್ಗಾವಣೆ ಸಿಗುವುದಿಲ್ಲ.

ಎಂಡೋಸಲ್ಫಾನ್ ಸಂತ್ರಸ್ತರಿರುವ ಎಣ್ಮಕಜೆಯ ಹತ್ತಿರವೇ, ಉಕ್ಕಿನಡ್ಕದಲ್ಲಿ, 2013ರ ನವೆಂಬರಿನಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದರು. 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಕಲ್ಲು ಹಾಕಿದ ದಿನ ಹುಟ್ಟಿದ ಮಗು ಅಷ್ಟರಲ್ಲಿ ಏಳನೇ ಕ್ಲಾಸು. ಇನ್ನು ಸ್ವಲ್ಪ ತಡೆದಿದ್ದರೆ ಅದಕ್ಕೇ ಸೀಟು ಕೊಡಬಹುದಿತ್ತು.

ಈ ಮಧ್ಯೆ ಊರಿನ ಹುಡುಗರು ಜಾರ್ಜಿಯಾ, ಉಕ್ರೇನ್ ಅಂತ ಹೋಗಿ ಡಾಕ್ಟರಿಕೆ ಕಲಿತು ಬಂದರು. (ಖರ್ಚಿನ ಲೆಕ್ಕ ಅಡಿಕೆ ತೋಟ ಅಡವಿಟ್ಟ ಅಪ್ಪಂದಿರನ್ನು ಕೇಳಿ.) ಊರಲ್ಲೇ ಇರಲು ರೆಡಿ. ಮೊದಲು ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಇಡುವ ಎಫ್‌ಎಂಜಿಇ ಪರೀಕ್ಷೆ, 300ಕ್ಕೆ 150 ಬರಲೇಬೇಕು. ಅದು ಬೇಡ ಅಂತ ಯಾರೂ ಹೇಳುವುದಿಲ್ಲ, ರೋಗಿಯ ಜೀವದ ಪ್ರಶ್ನೆ. ಆಮೇಲೆ ಇಂಟರ್ನ್‌ಶಿಪ್ಪಿಗೆ ಕಾಯಬೇಕು, ರಿಜಿಸ್ಟ್ರೇಶನ್ನಿಗೆ ಕಾಯಬೇಕು, ಸರಕಾರಿ ಕೆಲಸದ ಪಿಎಸ್‌ಸಿ ಪಟ್ಟಿಗೆ ಕಾಯಬೇಕು. ನೇಮಕದ ಪತ್ರ ಮನೆಗೆ ಬರುವ ಹೊತ್ತಿಗೆ ಹುಡುಗ ದುಬೈಯಲ್ಲಿ. ಅಪ್ಪ ಸಹಿ ಹಾಕಿ ಪತ್ರ ತೆಗೆದುಕೊಳ್ಳುತ್ತಾರೆ. ಪಾಪ, ಅವರಿಗೂ ಬಿಪಿ ನೋಡಿಸಲು ಮಂಗಳೂರಿಗೇ ಹೋಗಬೇಕು.

ಒಂದೇ ಒಂದು ಸಲ ಸರಕಾರಕ್ಕೆ ಉಪಾಯ ಹೊಳೆದಿತ್ತು. 2020ರಲ್ಲಿ ಕೋವಿಡ್ ಬಂದಾಗ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿಗೆ ಹೋಗಲಾಗದೆ ಜನ ಸತ್ತರು. ಆಗ ನೋಡಿ, ತಿರುವನಂತಪುರದಿಂದ ಡಾಕ್ಟರುಗಳ ತಂಡವೇ ಬಂತು! ಉಕ್ಕಿನಡ್ಕದ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ಶುರುವಾಯಿತು. ಆಮೇಲೆ ತಂಡ ವಾಪಸು ಹೋಯಿತು.

ಹಾಗಾಗಿ ನನ್ನದೊಂದು ಸಣ್ಣ ಸಲಹೆ. ಮಣ್ಣು ಈ ಸಲ ತಲಪಾಡಿ ಕಡೆ ಬೇಡ. ಡಾಕ್ಟರುಗಳು ಬಂದ ಮೇಲೆ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಕಾಲಿಕಡವಿನಲ್ಲಿ ಹಾಕಿ. ತಿರುವನಂತಪುರಕ್ಕೆ ಹೋಗುವ ಶುಕ್ರವಾರ ಸಂಜೆಯ ಮಾವೇಲಿ ಎಕ್ಸ್‌ಪ್ರೆಸ್ ರೈಲಿಗೆ ಏನು ಮಾಡುವುದು ಅಂತ ಇನ್ನೊಂದು ಮೀಟಿಂಗಿನಲ್ಲಿ ನೋಡೋಣ.