60ನೇ ಸೆಕೆಂಡಿನ ಬೆಸುಗೆ

ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನ ಹಾಡುಗಳ ಹಿಂದಿನ ಕಥೆ ಅಂದರೆ ಯಾವುದು ಯಾರ ಮೇಲೆ ಬರೆದದ್ದು, ಯಾವ ಸಾಲಿಗೆ ಏನು ಗೂಢಾರ್ಥ ಎಂಬ ಮಾತೇ ಹೆಚ್ಚು. ನನಗಂತೂ ದೊಡ್ಡ ಕಥೆ ಕಾಣುವುದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದ ಟೇಪಿನಲ್ಲಿ.

'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ತಗೊಳ್ಳಿ. ಹೆಸರು ಲಿವರ್‌ಪೂಲಿನಲ್ಲಿ ತಂಡದ ಜಾನ್ ಲೆನನ್ ಬೆಳೆದ ಮನೆಯ ಹತ್ತಿರವಿದ್ದ ಮಕ್ಕಳ ಆಶ್ರಮದ್ದು. ಇದು ಬಹಳ ಜನಕ್ಕೆ ಗೊತ್ತು. ಆದರೆ ನಾವು ಕೇಳುವ ಹಾಡು ಒಂದಲ್ಲ, ಎರಡು. 1966ರ ನವೆಂಬರ್ ಕೊನೆಗೆ ಮುಗಿದ 7ನೇ ಟೇಕ್ (ಒಂದು ಸಲದ ಧ್ವನಿಮುದ್ರಣ) ಮೆತ್ತಗಿತ್ತು. ಲೆನನ್ ಅವರಿಗೆ ಸಮಾಧಾನವಾಗದೆ ಡಿಸೆಂಬರಿನಲ್ಲಿ ಮತ್ತೆ ಹಾಡಿದರು. ನಾಲ್ಕು ಟ್ರಂಪೆಟ್, ಮೂರು ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಸೇರಿದ ಆ 26ನೇ ಟೇಕ್ ಜೋರಾಗಿತ್ತು. ಕೊನೆಗೆ ಅವರು ಕೇಳಿದ್ದು ಮೊದಲನೆಯದರ ಆರಂಭ, ಎರಡನೆಯದರ ಮುಕ್ತಾಯ. ಎರಡರ ಲಯವೂ ಬೇರೆ, ಶ್ರುತಿಯೂ ಬೇರೆ.

ಟೇಪ್ ರೆಕಾರ್ಡರ್‌ನ ಬ್ಯಾಟರಿ ಇಳಿದಾಗ ಹಾಡು ಎಳೆಯುತ್ತಾ ದನಿಯೂ ದಪ್ಪಗಾಗುತ್ತಿದ್ದದ್ದು ನೆನಪಿದೆಯೇ? ಟೇಪಿನಲ್ಲಿ ಲಯ, ಶ್ರುತಿ ಒಟ್ಟಿಗೇ ಇಳಿಯುತ್ತವೆ, ಒಟ್ಟಿಗೇ ಏರುತ್ತವೆ. ಅರ್ಧ ಸ್ವರ ಇಳಿಸಬೇಕಾದರೆ ವೇಗವನ್ನು ಸುಮಾರು 5.6% ತಗ್ಗಿಸಬೇಕು, ಹಾಡೂ ಅಷ್ಟೇ ನಿಧಾನವಾಗುತ್ತದೆ. ಇಲ್ಲಿ ಅದೃಷ್ಟ ಕೈಹಿಡಿಯಿತು: ವೇಗದ ಟೇಕೇ ಮೇಲಿನ ಶ್ರುತಿಯಲ್ಲಿತ್ತು. ಅದು ಕೆಳಗಿನ ಶ್ರುತಿಯಲ್ಲಿದ್ದಿದ್ದರೆ, ಲಯ ಕೂಡಿಸಲು ಹೋದಷ್ಟೂ ಶ್ರುತಿ ದೂರ ಸರಿಯುತ್ತಿತ್ತು. ಡಿಸೆಂಬರ್ 22ರಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಒಂದನ್ನು ಸ್ವಲ್ಪ ಏರಿಸಿ, ಇನ್ನೊಂದನ್ನು ಇಳಿಸಿ ಬೆಸೆದರು. ಟೇಪನ್ನು ನೇರ ಕತ್ತರಿಸಿದರೆ ದನಿ ತಟ್ಟನೆ ಬದಲಾಗಿ ಕಿವಿಗೆ ಸಿಕ್ಕಿಬೀಳುತ್ತದೆ. ಓರೆಯಾಗಿ ಕತ್ತರಿಸಿದರೆ ಒಂದು ದನಿ ಇನ್ನೊಂದರೊಳಗೆ ಜಾರುತ್ತದೆ. ಎಮೆರಿಕ್ ತುಂಬಾ ಓರೆಯಾಗಿ ಕತ್ತರಿಸಿದರು.

ಹೆಡ್‌ಫೋನ್ ಹಾಕಿ ಸುಮಾರು 60ನೇ ಸೆಕೆಂಡಿಗೆ ಕಾಯಿರಿ. ಪಲ್ಲವಿಯ ಮೊದಲ ಸಾಲಿನ ನಡುವೆಯೇ ಚೆಲ್ಲೋ ನುಗ್ಗುತ್ತದೆ, ಲೆನನ್ ದನಿ ಮಂಜು ಕವಿದಂತೆ ಭಾರವಾಗುತ್ತದೆ. ಈ ಭಾರ ಟೇಪ್ ನಿಧಾನಿಸಿದ್ದರ ಫಲ. 1996ರ 'ಆಂಥಾಲಜಿ 2' ಆಲ್ಬಮ್‌ನಲ್ಲಿ 7ನೇ ಟೇಕ್ ಇದೆ, ಹೋಲಿಸಿ ಕೇಳಿ.

'ಎ ಡೇ ಇನ್ ದ ಲೈಫ್' ಹಾಡಿನಲ್ಲೂ ಹೀಗೆಯೇ ಎರಡು ತುಂಡು, ಒಂದು ಲೆನನ್ ಅವರದು, ಇನ್ನೊಂದು ತಂಡದ ಪಾಲ್ ಮೆಕಾರ್ಟ್ನಿಯವರದು. ನಡುವೆ 24 ಆವರ್ತ ಖಾಲಿ. ಸಹಾಯಕ ಮ್ಯಾಲ್ ಇವಾನ್ಸ್ ಅಷ್ಟನ್ನೂ ಬಾಯಿಬಿಟ್ಟು ಎಣಿಸಿದರು, ಮುಗಿದ ಗುರುತಿಗೆ ಅಲಾರಾಂ ಹೊಡೆಯಿತು. ಮುಂದಿನ ಸಾಲು ನಿದ್ದೆಯಿಂದ ಎದ್ದದ್ದರ ಬಗ್ಗೆಯೇ ಇದ್ದದ್ದರಿಂದ ಆ ಸದ್ದು ಹಾಗೇ ಉಳಿಯಿತು. 1967ರ ಫೆಬ್ರವರಿ 10ರಂದು 40 ವಾದಕರು ಆ ಖಾಲಿ ಜಾಗ ತುಂಬಿದರು. ತಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಮೇಲಕ್ಕೆ ಏರಬೇಕು, ಆದರೆ ಪಕ್ಕದವರ ಜೊತೆ ಕೂಡಬಾರದು. ಜೀವನವಿಡೀ ಒಟ್ಟಿಗೆ ನುಡಿಸಲು ಕಲಿತವರಿಗೆ ಇದಕ್ಕಿಂತ ಕಷ್ಟದ್ದೇನಿದೆ! ಕೂಡಿಬಿಟ್ಟಿದ್ದರೆ ಆ ಬಿರುಗಾಳಿ ಬರೀ ಒಂದು ಆರೋಹಣವಾಗುತ್ತಿತ್ತು.

ಕೊನೆಯ ಪಿಯಾನೋ ನಾದ ಫೆಬ್ರವರಿ 22ರದು. ಮೂರು ಪಿಯಾನೋಗಳಲ್ಲಿ ಒಟ್ಟಿಗೇ ಹೊಡೆದದ್ದು. ನಾದ ಇಳಿದಂತೆಲ್ಲ ಎಮೆರಿಕ್ ದನಿಯ ಮಟ್ಟ ಹೊಂದಿಸುವ ಫೇಡರ್ ಏರಿಸುತ್ತಾ ಹೋದರು, ಹಾಗಾಗಿಯೇ ಅದು 40 ಸೆಕೆಂಡಿಗೂ ಮೀರಿ ನಿಲ್ಲುತ್ತದೆ. ಫೇಡರ್ ತುದಿ ಮುಟ್ಟುವ ಹೊತ್ತಿಗೆ ಕೋಣೆಯ ಉಸಿರೂ ಟೇಪಿಗೆ ಇಳಿದಿತ್ತು. ವಾಲ್ಯೂಮ್ ಹೆಚ್ಚಿಸಿ ಕೇಳಿ, ಕುರ್ಚಿಯೊಂದು ಕಿರ್ರೆನ್ನುವುದು ಸಿಗುತ್ತದೆ.